ರೊಟ್ಟಿ ಕೇಂದ್ರದ ಗೋಡೆಯ ಪಟ

ಮುರಿಗೆಪ್ಪ ಎಂಬವನು ಒಂದು ರೊಟ್ಟಿ ಕೇಂದ್ರ ನಡೆಸುತ್ತಿದ್ದ. ಊರಿನ ಖಾನಾವಳಿಗಳಿಗೆ, ಹಾಸ್ಟೆಲುಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಅಲ್ಲಿಂದಲೇ ಹೋಗುತ್ತಿತ್ತು. ಬೀದಿಯ ಕಡೆಗೆ ಅವನು ಕುಳಿತು ವ್ಯಾಪಾರ ಮಾಡುವ ಕೋಣೆ. ಅದರ ಹಿಂದೆ ಉದ್ದನೆಯ ಪಡಸಾಲೆ. ಪಡಸಾಲೆಯಲ್ಲಿ ಸಾಲಾಗಿ ಒಲೆಗಳು.

ಅಲ್ಲಿ ಹೆಂಗಸರು ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ಒಂದು ಒಲೆಗೆ ಇಬ್ಬರು. ಒಬ್ಬಳು ಹಿಟ್ಟು ನಾದಿ ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಇನ್ನೊಬ್ಬಳು ಒಲೆಯ ಮುಂದೆ ಕುಳಿತು ಅದನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಬೇಯಿಸುತ್ತಿದ್ದಳು. ಬಡಿಯುವವಳಿಗೆ ತೋಳು ನೋಯುತ್ತದೆ. ಬೇಯಿಸುವವಳಿಗೆ ಮುಖ ಸುಡುತ್ತದೆ, ಹತ್ತಿಕಟ್ಟಿಗೆಯ ಹೊಗೆಗೆ ಕಣ್ಣು ಉರಿಯುತ್ತದೆ. ಎರಡರಲ್ಲಿ ಬೆಂಕಿಯ ಜಾಗವೇ ಹೆಚ್ಚು ಕಷ್ಟ. ಆದ್ದರಿಂದ ಇಬ್ಬರೂ ಸ್ವಲ್ಪ ಹೊತ್ತಿಗೊಮ್ಮೆ ಜಾಗ ಬದಲಿಸಿಕೊಳ್ಳುತ್ತಿದ್ದರು. ಇದು ಮುರಿಗೆಪ್ಪ ಮಾಡಿದ ನಿಯಮವಲ್ಲ. ಅವರವರೇ ಮಾಡಿಕೊಂಡದ್ದು. ಒಳಗೆ ಹೀಗೆ ನಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು, ಆದರೆ ಅದರ ಬಗ್ಗೆ ಅವನು ಯೋಚಿಸಿರಲಿಲ್ಲ.

ಆ ಹೆಂಗಸರಲ್ಲಿ ದ್ಯಾಮವ್ವ ಒಬ್ಬಳು. ಅವಳ ಜೊತೆಗಾತಿ ನಿಂಬೆವ್ವ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದ್ಯಾಮವ್ವನ ಒಬ್ಬಳೇ ಮಗಳು ಜ್ವರದಿಂದ ತೀರಿಕೊಂಡಳು. ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ದ್ಯಾಮವ್ವ ಕೆಲವು ದಿನ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದಳು. ಆದರೆ ಅವಳ ಕೈ ಮೊದಲಿನಂತೆ ಓಡುತ್ತಿರಲಿಲ್ಲ. ಬಡಿಯುತ್ತ ಬಡಿಯುತ್ತ ನಿಂತುಬಿಡುತ್ತಿತ್ತು. ಅಂಗೈ ಅಗಲದ ರೊಟ್ಟಿಯ ಮೇಲೆ ಬೆರಳು ಹಾಗೇ ಊರಿಕೊಂಡಿರುತ್ತಿತ್ತು.

ಮುರಿಗೆಪ್ಪ ಕೆಟ್ಟವನಲ್ಲ. ಅವನು ಅವಳನ್ನು ಕರೆದು ಹೇಳಿದ. "ದ್ಯಾಮವ್ವ, ನಿನ್ನ ಸಂಕಟ ನನಗ ತಿಳೀತೈತಿ. ಆದ್ರ ಎಳ್ಳಮಾಸಿ ಬಂತು. ಸಜ್ಜಿ ರೊಟ್ಟಿ ಕೇಳಾಕ ಮಂದಿ ಈಗ್ಲೇ ಬರಾಕತ್ತಾರ. ಎಳ್ಳಮಾಸಿತನಾ ನೋಡೂಣು. ಅಷ್ಟರಾಗ ನಿನ್ನ ಕೈ ಮೊದಲಿನ್ಹಂಗ ಆಗ್ಲಿಲ್ಲಂದ್ರ ನಾ ಬ್ಯಾರೆದಾಕಿನ್ನ ಕೂಡಸಬೇಕಾಗ್ತೈತಿ."

ದ್ಯಾಮವ್ವ ತಲೆ ಎತ್ತಲಿಲ್ಲ. "ಕೂಲಿ ಅರ್ಧ ಕೊಡ್ರಿ, ಸಾವ್ಕಾರ್ರ. ಬರಬ್ಯಾಡ ಅನ್ನಬ್ಯಾಡ್ರಿ. ಮನ್ಯಾಗ ಒಬ್ಬಾಕೀನ ಕುಂದ್ರಾಕ ಆಗಂಗಿಲ್ರಿ ನನಗ" ಎಂದಳು.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗ. ಅದು ಉಳಿಯುವುದೋ ಇಲ್ಲವೋ ಎಂಬುದು ಎಳ್ಳ ಅಮಾವಾಸ್ಯೆಯ ಹೊತ್ತಿಗೆ ತೀರ್ಮಾನವಾಗಬೇಕಿತ್ತು.

ಅದೇ ದಿನಗಳಲ್ಲಿ ಮುರಿಗೆಪ್ಪ ಏನೋ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದ. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಕಾಯುತ್ತ ಕುಳಿತಾಗ ಗೋಡೆಯ ತುಂಬ ಪಟಗಳನ್ನು ಕಂಡ. ಒಂದರಲ್ಲಿ ಹಾರುವ ಹದ್ದು, ಒಂದರಲ್ಲಿ ಓಡುವ ಕುದುರೆ, ಒಂದರಲ್ಲಿ ದೋಣಿ ನಡೆಸುವ ಜನ. ಪ್ರತಿಯೊಂದರ ಕೆಳಗೂ ಒಂದು ಮಾತು. ಅಂಗಡಿಯ ಕೆಲಸದವರು ಚುರುಕಾಗಿ ಓಡಾಡುತ್ತಿದ್ದರು. ಪಟಗಳಿಂದಲೇ ಅವರು ಚುರುಕಾಗಿದ್ದಾರೆ ಎಂದು ಅವನಿಗೆ ಅನ್ನಿಸಿತು. ಅಂಗಡಿಯಲ್ಲಿ ಬೇಸಿಗೆಯಲ್ಲೂ ತಣ್ಣಗಿರುವ ಹಾಗೆ ಮಾಡಿದ್ದರು, ಕೆಲಸದವರಿಗೆ ಕುಳಿತುಕೊಳ್ಳಲು ಸ್ಟೂಲುಗಳಿದ್ದವು. ಅದು ಅವನ ಕಣ್ಣಿಗೆ ಬೀಳಲಿಲ್ಲ.

ಊರಿಗೆ ಬಂದು ತಾನೂ ಒಂದು ಪಟ ಮಾಡಿಸಿದ. ಬಾಗಿಲಿನಷ್ಟು ಎತ್ತರದ ಪಟ. ತುದಿಯಲ್ಲಿ ಬೆಟ್ಟದ ನೆತ್ತಿಯ ಮೇಲೆ ಎರಡೂ ಕೈ ಎತ್ತಿ ನಿಂತ ಮನುಷ್ಯ. ಅದರ ಕೆಳಗೆ ಬೆಟ್ಟದ ಇಳಿಜಾರು. ತಳದಲ್ಲಿ ಕೆಂಪು ಅಕ್ಷರದಲ್ಲಿ ಒಂದು ಮಾತು: "ದಣಿವು ಎಂಬುದು ಮನಸ್ಸಿನ ನೆಪ." ಮಾತು ಅವನದೇ. ಬಸ್ಸಿನಲ್ಲಿ ಬರುವಾಗ ಯೋಚಿಸಿ ಯೋಚಿಸಿ ಕಟ್ಟಿದ್ದ. ಪಡಸಾಲೆಯ ಪಡುವಣ ಗೋಡೆಗೆ ಅದನ್ನು ಹಾಕಿಸಿದ.

ಅಲ್ಲಿ ಮೊದಲು ಒಂದು ಗಡಿಯಾರ ಇತ್ತು. ಹೊಗೆ ಕುಡಿದು ಅದು ನಿಂತುಹೋಗಿತ್ತು. ಗಡಿಯಾರ ನೋಡುತ್ತ ಕೆಲಸ ಮಾಡುವುದು ಒಳ್ಳೆಯ ಅಭ್ಯಾಸವಲ್ಲ ಎಂದು ಮುರಿಗೆಪ್ಪ ಬೇರೆಯದನ್ನು ತಂದಿರಲಿಲ್ಲ. ಅದರ ಮೊಳೆಗೇ ಪಟ ತೂಗಿತು.

ಹೆಂಗಸರು ಕೈ ನಿಲ್ಲಿಸದೆ ಪಟ ನೋಡಿದರು. ಎಲ್ಲರಿಗೂ ಓದಲು ಬರುತ್ತಿರಲಿಲ್ಲ. ಮಾಬೂಬಿ ಎಂಬವಳು ಗಟ್ಟಿಯಾಗಿ ಓದಿದಳು.

"ನೆಪ ಅಂದ್ರ?" ಎಂದು ಕೇಳಿದಳು ಸಾವಂತ್ರೆವ್ವ. ಅವಳು ಎಲ್ಲರಿಗಿಂತ ಹಿರಿಯಳು.

"ಸುಳ್ಳು ನೆವ, ಯಕ್ಕಾ. ನಿನಗ ದಣಿವಾಗೇತಿ ಅಂತ ನೀ ಸುಳ್ಳ ಹೇಳಾಕತ್ತೀ ಅಂತ ಬರದಾರ."

"ನನ್ನ ರಟ್ಟಿಗೆ ಹೇಳಬೇಕು ಅದನ್ನ. ಅದಕ್ಕ ಓದಾಕ ಬರಂಗಿಲ್ಲ ನೋಡು."

"ಆ ಗಣಮಗ ಗುಡ್ಡದ ಮ್ಯಾಲೆ ಕೈ ಎತ್ತಿ ಯಾಕ ನಿಂತಾನಬೇ?" ಎಂದಳು ನಿಂಬೆವ್ವ.

"ಕೆಳಗ ಹೇಣ್ತಿ ರೊಟ್ಟಿ ಬಡ್ಯಾಕ ಕರದಾಳ. ಅದಕ್ಕ ಓಡಿಹೋಗಿ ಅಲ್ಲಿ ನಿಂತಾನ" ಎಂದಳು ಮಾಬೂಬಿ.

ಎಲ್ಲರೂ ನಕ್ಕರು. ದ್ಯಾಮವ್ವ ನಗಲಿಲ್ಲ. ಆದರೆ ಪಟವನ್ನು ನೋಡಿದಳು.

ಕೆಲವು ದಿನ ಕಳೆದವು. ಮುರಿಗೆಪ್ಪ ಆಗಾಗ ಬಾಗಿಲಿನಲ್ಲಿ ನಿಂತು ಒಳಗೆ ಇಣುಕುತ್ತಿದ್ದ. ಅವನಿಗೆ ಸಂತೋಷವಾಗುವಂತಹ ಒಂದು ಸಂಗತಿ ಕಂಡಿತು. ಹೆಂಗಸರು ಕೆಲಸದ ನಡುವೆ ತಲೆ ಎತ್ತಿ ಪಟವನ್ನು ನೋಡುತ್ತಿದ್ದರು. ಒಬ್ಬರಲ್ಲ, ಎಲ್ಲರೂ. ನೋಡಿ ಒಬ್ಬರಿಗೊಬ್ಬರು ತಲೆಯಾಡಿಸಿ ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದರು. ಮೊದಲು ಪಡಸಾಲೆಯಿಂದ ಜಗಳದ ದನಿ ಕೇಳುತ್ತಿತ್ತು. ಈಗ ಅದೂ ಕಡಿಮೆಯಾಗಿತ್ತು. ರೊಟ್ಟಿ ಸೀಯುವುದು ಕಡಿಮೆಯಾಗಿತ್ತು. ಬುಟ್ಟಿಗಳು ಬೇಗ ತುಂಬುತ್ತಿದ್ದವು.

ಎಲ್ಲರಿಗಿಂತ ಹೆಚ್ಚು ಪಟ ನೋಡುತ್ತಿದ್ದವಳು ದ್ಯಾಮವ್ವ. ಒಲೆಯ ಮುಂದೆ ಕುಳಿತಾಗಲಂತೂ ಅವಳ ಕಣ್ಣು ಅಲ್ಲಿಯೇ ಇರುತ್ತಿತ್ತು.

ಮುರಿಗೆಪ್ಪ ರೊಟ್ಟಿ ಕೊಳ್ಳಲು ಬಂದವರಿಗೆ ಅದನ್ನು ಹೇಳತೊಡಗಿದ. "ಒಳಗ ಒಬ್ಬಾಕಿ ಹೆಣ್ಮಗಳದಾಳ್ರಿ. ಮಗಳನ್ನ ಕಳಕೊಂಡಾಳ. ಕೈನ ಓಡ್ತಿದ್ದಿಲ್ಲ. ನನ್ನ ಪಟ ನೋಡ್ಕೋಂತನ ಸುಧಾರಿಸ್ಯಾಳ. ಮಾತಿಗೆ ಎಷ್ಟು ಶಕ್ತಿ ಐತಿ ನೋಡ್ರಿ."

ದ್ಯಾಮವ್ವ ಸುಧಾರಿಸಿರಲಿಲ್ಲ. ಅವಳ ಕೈ ನಿಂತು ಕಡಿಮೆ ಬಿದ್ದ ರೊಟ್ಟಿಯನ್ನು ನಿಂಬೆವ್ವ ತಾನು ಬಡಿಯುವ ಸರದಿಯಲ್ಲಿ ಕೈ ಜೋರು ಮಾಡಿ ತುಂಬುತ್ತಿದ್ದಳು. ಇಬ್ಬರ ಬುಟ್ಟಿ ಒಂದೇ ಆದ್ದರಿಂದ ಯಾರ ರೊಟ್ಟಿ ಯಾವುದು ಎಂದು ಹೊರಗೆ ಕುಳಿತವನಿಗೆ ತಿಳಿಯುವಂತಿರಲಿಲ್ಲ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತು. ಆ ಹಬ್ಬಕ್ಕೆ ಹೊಲಕ್ಕೆ ಹೋಗಿ ಉಣ್ಣುವ ಪದ್ಧತಿ ಇರುವುದರಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಎಲ್ಲ ಮನೆಗಳಿಗೂ ಬೇಕು. ಮನೆಯಲ್ಲಿ ಬಡಿಯಲು ಆಗದವರೆಲ್ಲ ಮುರಿಗೆಪ್ಪನಲ್ಲಿಗೆ ಬಂದರು. ಅವನು ಯಾರಿಗೂ ಇಲ್ಲ ಎನ್ನಲಿಲ್ಲ. ಒಂದು ಪಟದಿಂದ ಇಷ್ಟು ಆಗಿದ್ದರೆ ಇನ್ನಷ್ಟು ಪಟಗಳಿಂದ ಎಷ್ಟು ಆಗಬಹುದು ಎಂದು ಲೆಕ್ಕ ಹಾಕಿದ. ಹದ್ದು, ಕುದುರೆ, ದೋಣಿ ಎಲ್ಲವನ್ನೂ ಮಾಡಿಸಿದ. ಕೆಲಸವಿಲ್ಲದ ಒಂದು ಸೋಮವಾರ ಪಡಸಾಲೆಯ ಗೋಡೆಗಳಿಗೆ ಸುಣ್ಣ ಹೊಡೆಸಿದ. ಪಡುವಣ ಗೋಡೆಯಲ್ಲಿದ್ದ ಬೆಟ್ಟದ ಪಟವನ್ನು ತೆಗೆಸಿ, ಎಲ್ಲರಿಗೂ ನೇರವಾಗಿ ಕಾಣಲಿ ಎಂದು ಬಾಗಿಲಿನ ಪಕ್ಕದ ನೆರಳಿನ ಗೋಡೆಗೆ ಹಾಕಿಸಿದ. ಹೊಸ ಪಟಗಳನ್ನು ಅದರ ಅಕ್ಕಪಕ್ಕ ತೂಗಿಸಿದ. ಪಡುವಣ ಗೋಡೆ ಬೆಳ್ಳಗೆ, ಖಾಲಿಯಾಗಿ ಉಳಿಯಿತು.

ಮರುದಿನ ಹೆಂಗಸರು ಬಂದು ಬಿಳಿ ಗೋಡೆಯನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸಕ್ಕೆ ಕುಳಿತರು.

ಆ ದಿನ ಬಿಸಿಲೇರುವ ಮೊದಲೇ ಜಗಳ ಶುರುವಾಯಿತು.

"ಏಳಬೇ, ಹೊತ್ತಾತು. ನನ್ನ ಮಾರಿ ಸುಟ್ಟ ಬದನಿಕಾಯಿ ಆಗೇತಿ."

"ಎಲ್ಲಿ ಆತು? ಈಗರ ಬಂದು ಕುಂತೀನಿ ನಾ."

"ಈಗಂತ ಈಗ! ಎರಡು ಬುಟ್ಟಿ ಆದ್ವು."

"ನಿನ್ನ ಬುಟ್ಟಿ ಲೆಕ್ಕ ನಿನ್ನ ಕಡೆನ ಇರ್ಲಿ."

ಒಬ್ಬಳು ಮುನಿಸಿಕೊಂಡು ಹೊತ್ತಿಗೆ ಮೊದಲೇ ಎದ್ದಳು. ಇನ್ನೊಬ್ಬಳು ಮೊಂಡು ಹಿಡಿದು ಕುಳಿತೇ ಇದ್ದಳು. ಎದ್ದವಳ ಹಂಚಿನ ಮೇಲೆ ರೊಟ್ಟಿ ಸೀದಿತು. ಕುಳಿತವಳು ಬೇಕೆಂದೇ ದಪ್ಪ ಬಡಿದಳು. ಹೀಗೆ ಒಂದು ದಿನ, ಎರಡು ದಿನ ನಡೆಯಿತು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ಮುರಿಗೆಪ್ಪ ಬಾಗಿಲಿಗೆ ಬಂದು ಕೂಗಿದ. "ಏನ್ ಆಗೇತ್ರಿ ನಿಮಗ? ಇಷ್ಟು ಪಟ ಹಾಕೀನಿ. ಒಂದರ ಕಣ್ಣೆತ್ತಿ ನೋಡ್ರಿ!"

ಎಲ್ಲರೂ ಜಗಳವಾಡಿದರೂ ದ್ಯಾಮವ್ವ ಮತ್ತು ನಿಂಬೆವ್ವನ ನಡುವೆ ಜಗಳವಿರಲಿಲ್ಲ. ದ್ಯಾಮವ್ವ ಒಲೆಯ ಮುಂದಿನಿಂದ ಏಳುತ್ತೇನೆ ಎನ್ನಲಿಲ್ಲ. ನಿಂಬೆವ್ವ ಹಬ್ಬದ ಗಡಿಬಿಡಿಯಲ್ಲಿ ಬಗ್ಗಿ ಬಡಿಯುತ್ತಲೇ ಇದ್ದಳು. ಎದ್ದೇಳು ಎಂದು ಹೇಳುವ ಹೊತ್ತು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ಎರಡನೆಯ ದಿನ ದ್ಯಾಮವ್ವ ಬೆಳಗಿನಿಂದ ಬೆಂಕಿಯ ಮುಂದೆಯೇ ಕುಳಿತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ತಲೆ ಒಮ್ಮೆ ವಾಲಿತು. ಕೈಯಲ್ಲಿದ್ದ ಒದ್ದೆ ಬಟ್ಟೆ ಒಲೆಗೆ ಬಿದ್ದಿತು. ಅವಳು ಪಕ್ಕಕ್ಕೆ ಉರುಳಿದಳು. ಉರುಳುವಾಗ ಎಡಗೈ ಬಿಸಿ ಹಂಚಿಗೆ ತಗುಲಿತು.

ನಿಂಬೆವ್ವ ಚೀರಿದಳು. ಎಲ್ಲರೂ ಎದ್ದು ಬಂದರು. ದ್ಯಾಮವ್ವನನ್ನು ಗಾಳಿ ಬರುವ ಕಡೆ ಎಳೆದು ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿ, ಸುಟ್ಟ ಕೈಯನ್ನು ತಣ್ಣೀರಿನಲ್ಲಿ ಇಟ್ಟರು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಮುರಿಗೆಪ್ಪನೇ ತನ್ನ ಬೈಕಿನ ಮೇಲೆ ನಿಂಬೆವ್ವನ ಜೊತೆಗೆ ಅವಳನ್ನು ದವಾಖಾನೆಗೆ ಒಯ್ದು ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ.

ಬಂದ ಮೇಲೆ ಅವನು ಪಡಸಾಲೆಯಲ್ಲಿ ನಿಂತು ಹೇಳಿದ. "ನೋಡು ದ್ಯಾಮವ್ವ, ನಾ ಮೊದ್ಲ ಹೇಳಿದ್ದೆ. ಎಳ್ಳಮಾಸಿತನಾ ನೋಡೂಣು ಅಂತ. ಇನ್ನ ನಿನ್ನ ಕೈಲೆ ಆಗಂಗಿಲ್ಲ. ನಾಳಿಂದ ನೀ ಮನ್ಯಾಗಿರು. ನಾ ಬ್ಯಾರೆದಾಕಿನ್ನ ಕರೀತೀನಿ."

ದ್ಯಾಮವ್ವ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು.

ಸಾವಂತ್ರೆವ್ವ ಎದ್ದು ನಿಂತಳು. "ಸಾವ್ಕಾರ್ರ, ಒಂದ್ ಮಾತು ಕೇಳ್ರಿ. ಸಿಟ್ಟಿಗೇಳಬ್ಯಾಡ್ರಿ. ಆ ಪಟಾನ ತಿರಗಿ ಮೊದಲಿನ ಜಾಗಕ್ಕ ಹಾಕ್ರಿ. ಈ ಜಗಳಾ, ಈ ಸೀಯೂದು ಎಲ್ಲಾ ಅದನ್ನ ತಗದಾಗಿಂದ."

ಮುರಿಗೆಪ್ಪನ ಮುಖ ಅರಳಿತು. "ಮತ್ತ! ಅದರ ಮಾತು ನಿಮಗ ಅಷ್ಟು ಹಿಡಿಸಿತ್ತು ಅಂದ್ರ ಹೇಳಬಾರದ? ಈ ಗ್ವಾಡಿಗೂ ಅದ ಮಾತು ಅಲ್ಲ?"

"ಮಾತು ಅಲ್ರಿ. ಬಿಸಲು."

"ಎಂಥಾ ಬಿಸಲು?"

ಸಾವಂತ್ರೆವ್ವ ಮೂಡಣ ಗೋಡೆಯ ಮೇಲಿನ ಬೆಳಕಿಂಡಿಯನ್ನು ತೋರಿಸಿದಳು. ಸೂರ್ಯ ಮೇಲೇರಿದಂತೆ ಅದರಿಂದ ಬರುವ ಬಿಸಿಲು ಪಡುವಣ ಗೋಡೆಯ ಮೇಲೆ ಕೆಳಗಿಳಿಯುತ್ತ ಬರುತ್ತದೆ. ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಲಾಗದ, ಗಡಿಯಾರವೂ ಇಲ್ಲದ ಪಡಸಾಲೆಯಲ್ಲಿ ಅದೇ ಅವರ ಹೊತ್ತು. ಮೊದಲು ಗೋಡೆಯಲ್ಲಿ ಗುರುತು ಇರಲಿಲ್ಲವಾದ್ದರಿಂದ ಇಲ್ಲಿಗೆ ಬಂತು, ಇನ್ನೂ ಬಂದಿಲ್ಲ ಎಂದು ಜಗಳವಾಗುತ್ತಿತ್ತು. ಪಟ ಬಂದ ಮೇಲೆ ಗುರುತು ಸಿಕ್ಕಿತು. ಬಿಸಿಲು ಬೆಟ್ಟದ ಮೇಲಿನ ಮನುಷ್ಯನ ಕೈಗೆ ಬಂದಾಗ ಒಮ್ಮೆ ಜಾಗ ಬದಲಿಸುವುದು. ಇಳಿಜಾರಿನ ನಡುವೆ ಬಂದಾಗ ಇನ್ನೊಮ್ಮೆ. ಕೆಂಪು ಅಕ್ಷರಕ್ಕೆ ಬಂದಾಗ ಮತ್ತೊಮ್ಮೆ. ಯಾರೂ ಯಾರಿಗೂ ಮೋಸ ಮಾಡುವಂತಿರಲಿಲ್ಲ. ಅದಕ್ಕೇ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು.

ಮುರಿಗೆಪ್ಪ ಬೆಳಕಿಂಡಿಯನ್ನೂ ಗೋಡೆಯನ್ನೂ ನೋಡಿದ. "ಮೊದ್ಲ ಯಾಕ ಹೇಳಲಿಲ್ಲ?" ಎಂದ.

"ನೀವು ಅಷ್ಟು ಖುಷೀಲೆ ಮಂದಿಗೆಲ್ಲಾ ಹೇಳಾಕತ್ತಿದ್ರಿ. ನಡುವ ನಾವ್ಯಾಕ ಬಾಯಿ ಹಾಕೂಣು ಅಂತ ಸುಮ್ಮನಿದ್ವಿ" ಎಂದಳು ಮಾಬೂಬಿ.

ಅವನಿಗೆ ಅವಮಾನವಾಯಿತು. ಆದರೆ ಒಂದು ಆಸೆ ಉಳಿದಿತ್ತು. ದ್ಯಾಮವ್ವನ ಕಡೆ ತಿರುಗಿದ. "ಇವರೆಲ್ಲಾ ಏಳಾಕ ನೋಡ್ತಿದ್ರು, ತಿಳೀತು. ನೀ ಎಲ್ಲಾರಕಿಂತ ಹೆಚ್ಚು ನೋಡ್ತಿದ್ದಿ. ನೀ ಏನ ನೋಡ್ತಿದ್ದಿ? ನಿನಗರ ಆ ಮಾತಿನಿಂದ ಧೈರ್ಯ ಬಂತಿಲ್ಲೋ?"

ದ್ಯಾಮವ್ವ ಅವನು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಳು. "ನಾನೂ ಬಿಸಲನ ನೋಡ್ತಿದ್ದೆ, ಸಾವ್ಕಾರ್ರ. ಲಗೂನ ಬರಬಾರದು ಅಂತ ನೋಡ್ತಿದ್ದೆ. ಒಲಿ ಮುಂದ ಕುಂತ್ರ ಕಣ್ಣಾಗ ನೀರು ಬರ್ತಾವು. ಎಲ್ಲಾರಿಗೂ ಬರ್ತಾವು. ಹೊಗಿ ಅಂತ ಬಿಡ್ತಾರ. ಯಾಕ ಅಳಾಕತ್ತಿ ಅಂತ ಯಾರೂ ಕೇಳಂಗಿಲ್ಲ. ಅಲ್ಲಿಂದ ಎದ್ದು ಕಲ್ಲಿನ ಮುಂದ ಕುಂತ್ರ ಅಳಾಕ ಬರಂಗಿಲ್ಲ."

ನಿಂಬೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ದಿನವೂ ಮೊಣಕೈಗೆ ಮೊಣಕೈ ತಾಗಿಸಿ ಕುಳಿತವಳಿಗೂ ಅದು ತಿಳಿದಿರಲಿಲ್ಲ.

ಮುರಿಗೆಪ್ಪನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕು ಅನ್ನಿಸಿತು. ಅವನ ಸುತ್ತ ಗೋಡೆಯ ತುಂಬ ಮಾತುಗಳಿದ್ದವು. ಅವುಗಳಲ್ಲಿ ಯಾವುದನ್ನೂ ಅವನು ಆ ಹೆಂಗಸಿನ ಮುಂದೆ ಬಾಯಿಬಿಟ್ಟು ಹೇಳುವಂತಿರಲಿಲ್ಲ.

"ಆದ್ರ ರೊಟ್ಟಿ ಆಗಬೇಕಲ್ಲ" ಎಂದ ಕೊನೆಗೆ, ಮೆಲ್ಲಗೆ. "ನಾಡದು ಹಬ್ಬ. ಮಂದಿಗೆ ಮಾತು ಕೊಟ್ಟೀನಿ. ಈಕಿ ಸುಟ್ಟ ಕೈಲೆ ಒಲಿ ಮುಂದ ಹೆಂಗ ಕೂಡ್ತಾಳ? ನಾ ಬ್ಯಾರೆದಾಕಿನ್ನ ಕರೀಲೇಬೇಕಲ್ಲ?"

"ಕರದೀರಿ ಅಂದ್ರ ಹಬ್ಬ ಮುಗದ ಮ್ಯಾಲೆ ಆಕಿನ್ನ ಎಬ್ಬಿಸಿ ಈಕಿನ್ನ ಕೂಡಸ್ತೀರೇನು? ಇಲ್ಲ" ಎಂದಳು ನಿಂಬೆವ್ವ. "ಬ್ಯಾಡ್ರಿ. ದ್ಯಾಮಕ್ಕನ ಜಾಗ ದ್ಯಾಮಕ್ಕಂದು. ಕೈ ಮಾಯೂತನ ಬಡಿಯೂದೂ ನಾನ, ಬೇಯ್ಸೂದೂ ನಾನ."

"ಬಾಳ ಶಾಣ್ಯಾಕಿ" ಎಂದಳು ಸಾವಂತ್ರೆವ್ವ. "ನಾಳೆ ನಿನ್ನ ಹೊತಗೊಂಡು ದವಾಖಾನಿಗೆ ಹೋಗೂಣು?"

"ಹಂಗಾರ ಸಾವ್ಕಾರ್ರನ ಕೂಡ್ಲಿ ಒಲಿ ಮುಂದ" ಎಂದಳು ಮಾಬೂಬಿ. "ಅವರಿಗೇನು ದಣಿವು ಗೊತ್ತಿಲ್ಲ. ಪಟ ಬರದವರು!"

ಹೆಂಗಸರು ನಗಬೇಕೋ ಬೇಡವೋ ಎಂದು ಮುರಿಗೆಪ್ಪನ ಮುಖ ನೋಡಿದರು. ಅವನು ಹೊರಗೆ ಹೋದ. ಬೇರೆಯವಳನ್ನು ಕರೆಯುವುದು ಅವನಿಗೆ ಸುಲಭವಿತ್ತು. ಪಕ್ಕದ ಓಣಿಯಲ್ಲೇ ರೊಟ್ಟಿ ಬಡಿಯುವವರು ಇದ್ದರು. ಒಂದು ಮಾತು ಹೇಳಿ ಕಳಿಸಿದ್ದರೆ ಬರುತ್ತಿದ್ದರು. ಅವನು ಹೇಳಿ ಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಬಂದಾಗ ಮುರಿಗೆಪ್ಪ ಧೋತರ ಎತ್ತಿ ಕಟ್ಟಿ ದ್ಯಾಮವ್ವನ ಒಲೆಯ ಮುಂದೆ ಕುಳಿತಿದ್ದ. ಒಲೆ ಹೊತ್ತಿಸಲು ಹೋಗಿ ಪಡಸಾಲೆಯ ತುಂಬ ಹೊಗೆ ಮಾಡಿದ್ದ.

ದ್ಯಾಮವ್ವ ಬಾಗಿಲಿನಲ್ಲಿ ನಿಂತಳು. ಬರಬೇಡ ಎಂದು ಹೇಳಿದ್ದರೂ ಕಾಲು ಅವಳನ್ನು ಅಲ್ಲಿಗೇ ತಂದಿತ್ತು.

"ನಿಂತಿ ಯಾಕ? ಬಾ" ಎಂದ ಮುರಿಗೆಪ್ಪ ಕೆಮ್ಮುತ್ತ. "ಬಲಗೈ ಸುಟ್ಟಿಲ್ಲಲ್ಲ? ನಿಂಬೆವ್ವನ ಕಡೆ ಕೂಡು. ರೊಟ್ಟಿಗೆ ಎಳ್ಳ ಹಚ್ಚು. ಕೈ ಮಾಯಲಿ, ಆಮ್ಯಾಲೆ ಬಡಿಯಾಕ ಕೂಡುವಂತಿ."

ದ್ಯಾಮವ್ವ ಬಂದು ಕುಳಿತಳು. ನಿಂಬೆವ್ವ ಬಡಿದ ಸಜ್ಜೆ ರೊಟ್ಟಿಯ ಮೇಲೆ ಬಲಗೈಯಿಂದ ಎಳ್ಳು ಉದುರಿಸಿ ಮೆಲ್ಲಗೆ ಒತ್ತಿದಳು. ಮುರಿಗೆಪ್ಪ ಅದನ್ನು ಹಂಚಿಗೆ ಹಾಕಿದ. ಮೊದಲನೆಯದು ಮಡಚಿಕೊಂಡಿತು. ಎರಡನೆಯದು ಹರಿಯಿತು. ಅದರ ಮುಂದಿನದಕ್ಕೆ ನೀರು ಹೆಚ್ಚು ಸವರಿ ಮುದ್ದೆ ಮಾಡಿದ. ಆಮೇಲೆ ರೊಟ್ಟಿಗಳು ರೊಟ್ಟಿಯ ಆಕಾರಕ್ಕೆ ಬಂದವು, ಆದರೆ ಅಂಚು ಕರ್ರಗೆ ಸೀಯುತ್ತಿತ್ತು.

ಹೊತ್ತೇರಿತು. ಅವನ ಮುಖ ಕೆಂಪಾಯಿತು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಕಣ್ಣು ಒರೆಸಿಕೊಂಡರೆ ಕೈಯ ಮಸಿ ಕಣ್ಣಿಗೆ ಹೋಯಿತು.

"ಹೊತ್ತಾತೇನು?" ಎಂದು ಕೇಳಿದ.

"ಎಲ್ಲಿ ಆತ್ರಿ. ಈಗರ ಕುಂತೀರಿ" ಎಂದಳು ನಿಂಬೆವ್ವ.

ಸ್ವಲ್ಪ ಬಿಟ್ಟು ಮತ್ತೆ ಕೇಳಿದ. "ಇನ್ನೂ ಆಗಿಲ್ಲ?"

"ಪಟ ನೋಡ್ರಿ, ಸಾವ್ಕಾರ್ರ!" ಎಂದು ಮಾಬೂಬಿ ಆ ಕಡೆಯಿಂದ ಕೂಗಿದಳು. "ದಣಿವು ಮನಸಿನ ನೆಪ!"

ಈ ಸಲ ಎಲ್ಲರೂ ಮುಚ್ಚುಮರೆ ಇಲ್ಲದೆ ನಕ್ಕರು. ಮುರಿಗೆಪ್ಪನೂ ನಕ್ಕ. ಪಕ್ಕದ ಒಲೆಯ ಸಾವಂತ್ರೆವ್ವ ತನ್ನ ಜೊತೆಗಾತಿಯ ಕೈಗೆ ಹಂಚನ್ನು ಒಪ್ಪಿಸಿ ಎದ್ದು ಬಂದಳು. "ಏಳ್ರಿ. ಒಂದೀಟು ಗಾಳಿಗೆ ನಿಲ್ರಿ. ಅಲ್ಲಿತನಾ ನಾ ಕೂಡ್ತೀನಿ" ಎಂದಳು. ಅವನು ಎದ್ದು ಹೊರಗೆ ಹೋಗಿ ಗಾಳಿಗೆ ನಿಂತ. ಎದೆಯ ತುಂಬ ಉಸಿರು ಎಳೆದುಕೊಂಡ. ಯಾರೋ ತನ್ನ ಜಾಗದಲ್ಲಿ ಕುಳಿತಿದ್ದಾರೆ ಎಂಬುದು ಎಷ್ಟು ದೊಡ್ಡ ಸಂಗತಿ ಎಂದು ಅವನಿಗೆ ಆಗ ತಿಳಿಯಿತು. ಎದುರಿನ ಅಂಗಡಿಗೆ ಹೋಗಿ ಒಂದು ಗೋಡೆ ಗಡಿಯಾರ ಕೊಂಡು ತಂದು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ. ಬೆಟ್ಟ, ಹದ್ದು, ಕುದುರೆಗಳ ಪಟಗಳನ್ನು ತೆಗೆಯಲು ಹೋಗಲಿಲ್ಲ. ಅವುಗಳಿಂದ ಯಾರಿಗೂ ತೊಂದರೆ ಇರಲಿಲ್ಲ. ಕೆಲವು ತಿಂಗಳಲ್ಲಿ ಹೊಗೆಗೆ ತಾವೇ ಕಪ್ಪಾಗುತ್ತವೆ.

ಮತ್ತೆ ಬಂದು ಒಲೆಯ ಮುಂದೆ ಕುಳಿತ. ಹೊಗೆಗೆ ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳದೆ ದ್ಯಾಮವ್ವನ ಕಡೆ ನೋಡಿದ. ಇಷ್ಟು ವರ್ಷದಿಂದ ಅವಳು ಅಲ್ಲಿ ಕೆಲಸ ಮಾಡುತ್ತಿದ್ದಳು. ಅವನಿಗೆ ಒಂದು ಸಂಗತಿ ಗೊತ್ತಿರಲಿಲ್ಲ.

"ದ್ಯಾಮವ್ವ, ನಿನ್ನ ಮಗಳ ಹೆಸರೇನಿತ್ತು?"

ಪಟಪಟ ಬಡಿಯುತ್ತಿದ್ದ ನಿಂಬೆವ್ವನ ಕೈ ಒಂದು ಕ್ಷಣ ನಿಂತಿತು. ಆ ಹೆಸರನ್ನು ಅವರಾರೂ ಈ ತಿಂಗಳುಗಳಲ್ಲಿ ಬಾಯಿಗೆ ತಂದಿರಲಿಲ್ಲ. ತಂದರೆ ಅವಳಿಗೆ ನೋವಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು.

"ಕಸ್ತೂರಿ" ಎಂದಳು ದ್ಯಾಮವ್ವ.

"ಸಾಲ್ಯಾಗ ಶಾಣ್ಯಾ ಇದ್ಲಾ?"

"ಲೆಕ್ಕದಾಗ ಅಷ್ಟಕ್ಕಷ್ಟ ಇದ್ಲ್ರಿ. ಮಾತಿನಾಗ ಮುಂದ." ಅವಳು ಮುಂದಿನ ರೊಟ್ಟಿಗೆ ಎಳ್ಳು ಒತ್ತಿದಳು. ಆಮೇಲೆ ಬುಟ್ಟಿಯ ಪಕ್ಕದಲ್ಲಿ ಮುರಿಗೆಪ್ಪ ಬಚ್ಚಿಟ್ಟಿದ್ದ ಸೀದ ರೊಟ್ಟಿಗಳ ಗುಡ್ಡೆಯನ್ನು ಕಂಡಳು. "ಆಕಿಗೆ ಸೀದ ರೊಟ್ಟೀನ ಬೇಕ್ರಿ. ಚಲೋ ರೊಟ್ಟಿ ಕೊಟ್ರ ಹಂಗ ಇಡತಿದ್ಲು. ಕರ್ರಗ ಸೀದದ್ದು ಆರಿಸಿ ಕಟಂ ಕಟಂ ಅಂತ ತಿಂತಿದ್ಲು." ಅವಳು ಒಂದು ರೊಟ್ಟಿಯನ್ನು ಎತ್ತಿ ಹಿಂದೆ ಮುಂದೆ ತಿರುವಿ ನೋಡಿದಳು. "ನಿಮ್ಮ ರೊಟ್ಟಿ ಆಕಿಗೆ ಬಾಳ ಸೇರ್ತಿದ್ವು, ಸಾವ್ಕಾರ್ರ."

ಮೊದಲು ನಕ್ಕವಳು ಅವಳೇ. ನಗು ಮುಗಿಯುವ ಮೊದಲೇ ಅಳು ಬಂದಿತು. ಅವಳು ಕುಳಿತ ಜಾಗದಲ್ಲಿ ಹೊಗೆ ಇರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು. ಯಾರೂ ಸುಮ್ಮನಿರು ಎನ್ನಲಿಲ್ಲ. ನಿಂಬೆವ್ವ ಎಡಗೈಯನ್ನು ಅವಳ ಬೆನ್ನ ಮೇಲೆ ಇಟ್ಟು ಬಲಗೈಯಿಂದ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಮತ್ತೇನು ಸೇರ್ತಿತ್ತು ಯಕ್ಕಾ, ನಮ್ಮ ಕಸ್ತೂರಿಗೆ?"

ದ್ಯಾಮವ್ವ ಹೇಳತೊಡಗಿದಳು. ಒಂದೊಂದಾಗಿ ಹೇಳುತ್ತ ಹೋದಳು. ಹೇಳುವಾಗ ಅವಳ ಕೈ ಎಳ್ಳು ಒತ್ತುತ್ತಿತ್ತು, ನಿಲ್ಲಲಿಲ್ಲ.

ನೀತಿ: ದಣಿದವರ ಎದುರಿಗೆ ದಣಿವು ಸುಳ್ಳು ಎಂದು ಬರೆದು ತೂಗುಹಾಕಿದರೆ ಅವರ ದಣಿವು ಹೋಗುವುದಿಲ್ಲ. ಅವರು ಅದನ್ನು ನೋಡುತ್ತಿದ್ದಾರೆ ಎಂದ ಮಾತ್ರಕ್ಕೆ ಅದರಿಂದ ಬಲ ಪಡೆಯುತ್ತಿದ್ದಾರೆ ಎಂದು ತಿಳಿಯಬಾರದು. ಏನು ನೋಡುತ್ತಿದ್ದೀರಿ ಎಂದು ಅವರನ್ನೇ ಕೇಳಬೇಕು. ಮನುಷ್ಯನನ್ನು ಕೆಲಸದಲ್ಲಿ ಕುಸಿಯದಂತೆ ನಿಲ್ಲಿಸುವುದು ಎರಡು: ಬೆಂಕಿಯ ಮುಂದಿನ ಜಾಗದಲ್ಲಿ ಸರದಿಯಂತೆ ಬಂದು ಕುಳಿತುಕೊಳ್ಳುವ ಇನ್ನೊಬ್ಬರು, ಮತ್ತು ಅವನ ದುಃಖದ ಹೆಸರನ್ನು ಕೇಳುವ ಒಂದು ಬಾಯಿ.